ಬಿಳಿ ಹೋಗುತ್ತಿದೆಯಾ? ಮಾಮೂಲಿ ಯಾವುದು, ಕಾಯಿಲೆ ಯಾವುದು ಎಂದು ತಿಳಿದುಕೊಳ್ಳುವ ಬಗೆ

ಹೊಸದಾಗಿ ತಂದ ಕಪ್ಪು ಒಳಚಡ್ಡಿ. ಕೆಲವು ತಿಂಗಳಲ್ಲಿ ನಡುಭಾಗದಲ್ಲಿ ಮಾತ್ರ ಬಣ್ಣ ಬಿಟ್ಟು, ಕಂದು-ಕಿತ್ತಳೆ ಮಚ್ಚೆ ಬಿದ್ದಿರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಇದನ್ನು ನೋಡಿ ಗಾಬರಿಯಾಗಿ, ಅಮ್ಮನ ಹತ್ತಿರವೂ ಹೇಳದೆ ಒಳಗೊಳಗೇ ಕೊರಗುವ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದು ಕಲೆ ಅಲ್ಲ, ಕಾಯಿಲೆಯೂ ಅಲ್ಲ. ಯೋನಿಯಿಂದ ಬರುವ ದ್ರವದಲ್ಲಿ ಹುಳಿ ಅಂಶ ಇರುತ್ತದೆ. ಮುಟ್ಟಾಗುವ ವಯಸ್ಸಿನಲ್ಲಿ ಅದರ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ಒಳಗೆ. ಆ ಹುಳಿಗೆ ಬಟ್ಟೆಯ ಬಣ್ಣ ಮಾಸುತ್ತದೆ, ಅಷ್ಟೇ.

ಬಿಳಿ ಮುಟ್ಟು, ಬಿಳಿ ಸೆರಗು, ವೈಟ್ ಡಿಸ್ಚಾರ್ಜ್ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹೆಸರು ಯಾವುದಾದರೂ, ಅದು ಹೋಗುತ್ತಿದೆ ಎಂದರೆ ಏನೋ ರೋಗ ಇದೆ ಎಂದೇ ತುಂಬ ಜನರ ನಂಬಿಕೆ. ಹಾಗೇನಿಲ್ಲ. ಮುಟ್ಟು ಶುರುವಾದಾಗಿನಿಂದ ನಿಲ್ಲುವವರೆಗೆ ಪ್ರತಿ ಹೆಂಗಸಿಗೂ ಒಂದಿಷ್ಟು ಹೋಗಿಯೇ ಹೋಗುತ್ತದೆ. ದಿನಕ್ಕೆ 1ರಿಂದ 4 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚದಷ್ಟು, ಮಾಮೂಲಿ. ಕೆಲವರಿಗೆ ಇದಕ್ಕಿಂತ ಜಾಸ್ತಿಯೂ ಇರಬಹುದು. ಹಾಗಾಗಿ ಬಿಳಿ ಹೋಗುತ್ತಿದೆಯೇ ಇಲ್ಲವೇ ಎಂದು ಕೇಳಿಕೊಂಡು ಪ್ರಯೋಜನವಿಲ್ಲ. ನಿಮಗೆ ಯಾವಾಗಲೂ ಹೋಗುವ ರೀತಿಯಲ್ಲಿ ಏನಾದರೂ ಬದಲಾಗಿದೆಯಾ ಎಂದು ಕೇಳಿಕೊಳ್ಳಿ. ಅದು ಗೊತ್ತಾಗಬೇಕಾದರೆ ಯಾವಾಗಲೂ ಹೇಗಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು ಅಲ್ವಾ? ಅಲ್ಲಿಂದಲೇ ಶುರು ಮಾಡೋಣ.

ಅದಕ್ಕೂ ಮುಂಚೆ, ಇದು ಯಾಕೆ ಬರುತ್ತದೆ ಎಂದು ಎರಡು ಮಾತು. ಗರ್ಭಕೋಶದ ಬಾಯಿಯಲ್ಲಿರುವ ಗ್ರಂಥಿಗಳು ಲೋಳೆ ಬಿಡುತ್ತವೆ. ಯೋನಿಯ ಗೋಡೆಯಿಂದ ಹಳೆಯ ಜೀವಕೋಶಗಳು ಉದುರುತ್ತವೆ. ಒಳಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಈಸ್ಟ್ರೋಜನ್ ಹಾರ್ಮೋನಿನ ದೆಸೆಯಿಂದ ಅಲ್ಲಿ ಸೇರುವ ಸಕ್ಕರೆ ಅಂಶವನ್ನು ಇವು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹುಳಿ ಬರುವುದು ಅದರಿಂದ. ಆ ಹುಳಿಯಲ್ಲಿ ಬೇಡದ ಕ್ರಿಮಿಗಳು ಸುಲಭವಾಗಿ ಬೆಳೆಯುವುದಿಲ್ಲ. ಇದೆಲ್ಲ ಸೇರಿ ಹೊರಗೆ ಬರುವುದೇ ನಿಮಗೆ ಕಾಣುವ ಬಿಳಿ. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುವ ವ್ಯವಸ್ಥೆ ಇದು.

ಹೆಜ್ಜೆ 1: ಎರಡು ತಿಂಗಳು ಸುಮ್ನೆ ಗಮನಿಸಿ

ಗೋಡೆ ಕ್ಯಾಲೆಂಡರ್‌ನಲ್ಲಿ ಮುಟ್ಟಿನ ದಿನಕ್ಕೆ ಗುರುತು ಹಾಕುವ ಅಭ್ಯಾಸ ತುಂಬ ಮನೆಗಳಲ್ಲಿದೆ. ಅದೇ ಚೌಕದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಇನ್ನೊಂದು ಅಕ್ಷರ ಸೇರಿಸಿ. ಒಣಗಿದ್ದರೆ 'ಒ', ಗಟ್ಟಿಯಾಗಿ ಬಿಳಿ ಇದ್ದರೆ 'ಗ', ಲೋಳೆಯಾಗಿದ್ದರೆ 'ಲ'. ಹಾಲ್‌ನಲ್ಲಿ ನೇತಾಡುವ ಕ್ಯಾಲೆಂಡರ್ ಆದರೂ ಪರವಾಗಿಲ್ಲ, ಬೇರೆಯವರಿಗೆ ಅರ್ಥವಾಗುವುದಿಲ್ಲ. ಫೋನಿನಲ್ಲಿ ಬರೆದಿಟ್ಟುಕೊಂಡರೂ ಸರಿ.

ನೋಡುವುದು ಹೇಗೆ? ಮೂತ್ರಕ್ಕೆ ಹೋಗುವ ಮುಂಚೆ ಒಂದು ಬಿಳಿ ಟಿಶ್ಯೂ ಅಥವಾ ಶುಭ್ರವಾದ ಬಿಳಿ ಹತ್ತಿಬಟ್ಟೆಯಿಂದ ಯೋನಿಯ ಬಾಯಿಯನ್ನು ಒರೆಸಿ. ಬೆರಳನ್ನು ಒಳಗೆ ಹಾಕಬೇಕಾಗಿಲ್ಲ. ಬಟ್ಟೆ ಮೇಲೆ ಬಂದದ್ದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಅಗಲಿಸಿ. ತಕ್ಷಣ ಕಡಿದುಹೋಗುತ್ತದೆಯಾ, ನೂಲಿನ ಹಾಗೆ ಎಳೆ ಬರುತ್ತದೆಯಾ ನೋಡಿ. ಬೆಳಕಿದ್ದ ಕಡೆ ನೋಡಿ. ಒಳಉಡುಪನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಹಸಿಯಾಗಿದ್ದಾಗ ಬಿಳಿಯಿದ್ದದ್ದು ಒಣಗಿದ ಮೇಲೆ ತಿಳಿಹಳದಿ ಆಗುತ್ತದೆ. ಸಂಜೆ ಬಟ್ಟೆ ಬಿಚ್ಚಿದಾಗ ಕಾಣುವ ಆ ಹಳದಿ ಸೋಂಕಿನ ಹಳದಿ ಅಲ್ಲ.

28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಸಾಮಾನ್ಯವಾಗಿ ಹೀಗೆ ಕಾಣುತ್ತದೆ. ಮುಟ್ಟು ನಿಂತ ಮೇಲೆ ಒಂದೆರಡು ದಿನ ಬಹುಪಾಲು ಒಣ. ಆಮೇಲೆ ಅಂಟಂಟಾಗಿ, ಬಿಳಿಯಾಗಿ ಸ್ವಲ್ಪ ಸ್ವಲ್ಪ. ಮುಟ್ಟಾದ ಮೊದಲ ದಿನದಿಂದ ಎಣಿಸಿದರೆ 12ನೇ ದಿನದ ಆಸುಪಾಸು ಅದು ತೆಳ್ಳಗಾಗಿ, ಪಾರದರ್ಶಕವಾಗಿ, ಹಸಿ ಮೊಟ್ಟೆಯ ಬಿಳಿಭಾಗದಂತೆ ಜಾರುತ್ತದೆ. ಬೆರಳಿನ ನಡುವೆ ಎಳೆದರೆ ಎರಡು ಮೂರು ಸೆಂಟಿಮೀಟರ್ ಆದರೂ ಕಡಿಯುವುದಿಲ್ಲ. ಅಂಡ ಬಿಡುಗಡೆಯಾಗುವ ಸಮಯ ಇದು. ತಿಂಗಳಲ್ಲಿ ಅತಿ ಜಾಸ್ತಿ ಹೋಗುವುದೂ ಆಗಲೇ. ಎದ್ದು ನಿಂತಾಗ ಏನೋ ಜಾರಿದಂತೆ ಆಗುವುದು, ಒಳಉಡುಪು ತೇವ ಆಗುವುದು, ಎಲ್ಲ ಮಾಮೂಲಿ. ಅಂಡ ಬಿಡುಗಡೆ ಮುಗಿದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನ್ ಏರಿ, ಲೋಳೆ ಮತ್ತೆ ಗಟ್ಟಿಯಾಗಿ ಕಡಿಮೆಯಾಗುತ್ತದೆ. ಮುಟ್ಟಿನ ಹಿಂದಿನ ದಿನ ಕಂದು ಬಣ್ಣ ಬೆರೆತು ಬರಬಹುದು. ಮುಟ್ಟಿನ ಕೊನೆಯ ದಿನವೂ ಅಷ್ಟೇ. ಹಳೆಯ ರಕ್ತ ಕಂದಾಗಿರುತ್ತದೆ.

ಮುಟ್ಟಿನ ಚಕ್ರ 35 ದಿನದ್ದಾದರೆ ಮೊಟ್ಟೆಯ ಬಿಳಿಯಂಥ ಲೋಳೆ ಕಾಣುವುದು 19–21ನೇ ದಿನದ ಹೊತ್ತಿಗೆ. ಅಂಡ ಬಿಡುಗಡೆಯಾದ ಸುಮಾರು 14 ದಿನಕ್ಕೆ ಮುಂದಿನ ಮುಟ್ಟು ಬರುತ್ತದೆ, ಹಾಗಾಗಿ ಹಿಂದಿನಿಂದ ಎಣಿಸಬೇಕು. ಮಾಲಾ-ಎನ್ ತರಹದ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಅಂಡ ಬಿಡುಗಡೆ ಆಗುವುದಿಲ್ಲ, ಹಾಗಾಗಿ ಈ ಏರಿಳಿತ ಕಾಣದಿದ್ದರೆ ಆಶ್ಚರ್ಯವಿಲ್ಲ. ಕಾಪರ್-ಟಿ ಹಾಕಿಸಿಕೊಂಡವರಿಗೆ ಮೊದಲಿಗಿಂತ ಸ್ವಲ್ಪ ಜಾಸ್ತಿ ಹೋಗಬಹುದು.

ಗಂಡನ ಜೊತೆ ಕೂಡಿದ ಮಾರನೇ ದಿನ ಬರುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಅದರಲ್ಲಿ ವೀರ್ಯವೂ ಬೆರೆತಿರುತ್ತದೆ.

ಹೆಜ್ಜೆ 2: ವಯಸ್ಸು, ಸಂದರ್ಭ ನೋಡಿ

ಹುಟ್ಟಿದ ಹೆಣ್ಣುಮಗುವಿಗೆ ಮೊದಲ ಒಂದೆರಡು ವಾರ ಬಿಳಿ ಲೋಳೆ ಬರಬಹುದು, ಚೂರು ರಕ್ತವೂ ಕಾಣಬಹುದು. ಅಮ್ಮನ ಹಾರ್ಮೋನ್ ಮಗುವಿನ ಮೈಯಲ್ಲಿ ಇನ್ನೂ ಉಳಿದಿರುವುದೇ ಕಾರಣ. ಬಾಣಂತಿ ಮನೆಯಲ್ಲಿ ಇದನ್ನು ನೋಡಿ ಹೌಹಾರುವುದು ಬೇಡ. ಅದು ತಾನಾಗಿ ನಿಲ್ಲುತ್ತದೆ.

ಅದಾದ ಮೇಲೆ ಮೈನೆರೆಯುವ ಹೊತ್ತಿನವರೆಗೆ ಹೆಣ್ಣುಮಕ್ಕಳಿಗೆ ಹೆಚ್ಚುಕಡಿಮೆ ಏನೂ ಹೋಗಬಾರದು. ಐದಾರು ವರ್ಷದ ಮಗುವಿನ ಚಡ್ಡಿಯಲ್ಲಿ ಹಳದಿ, ವಾಸನೆಯ ಅಥವಾ ರಕ್ತ ಬೆರೆತ ಸ್ರಾವ ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಸರಿಯಾಗಿ ತೊಳೆಯದೆ ಉರಿ ಆಗಿರಬಹುದು, ಜಂತುಹುಳು ಇರಬಹುದು, ಮಣಿಯೋ ಕಾಗದದ ಚೂರೋ ಒಳಗೆ ಸೇರಿರಬಹುದು. ಯಾರಾದರೂ ಮಗುವಿಗೆ ಕೆಟ್ಟದ್ದು ಮಾಡಿರಬಹುದು ಎಂಬುದನ್ನೂ ಮರೆಯುವಂತಿಲ್ಲ. ಮಗುವನ್ನು ಗದರಿಸದೆ ಮಕ್ಕಳ ಡಾಕ್ಟರ್‌ಗೆ ತೋರಿಸಿ. ಅನುಮಾನ ಇದ್ದರೆ ಮಕ್ಕಳ ಸಹಾಯವಾಣಿ 1098.

ಮೊದಲ ಮುಟ್ಟಿಗೆ ಆರು ತಿಂಗಳೋ ಒಂದು ವರ್ಷವೋ ಮುಂಚೆ ಬಿಳಿ ಹೋಗಲು ಶುರುವಾಗುತ್ತದೆ. ಮಗಳಿಗೆ ಮುಟ್ಟಿನ ಬಗ್ಗೆ ಹೇಳಲು ಇದೇ ಸರಿಯಾದ ಸಮಯ.

ಬಸುರಿಯಲ್ಲಿ ಬಿಳಿ ಜಾಸ್ತಿಯಾಗುತ್ತದೆ, ತಿಂಗಳು ತುಂಬಿದಂತೆ ಇನ್ನೂ ಜಾಸ್ತಿ. ತೆಳ್ಳಗೆ, ಹಾಲಿನ ಬಣ್ಣದಲ್ಲಿದ್ದು ತುರಿಕೆ, ವಾಸನೆ ಇಲ್ಲದಿದ್ದರೆ ತೊಂದರೆ ಇಲ್ಲ. ಆದರೆ ನೀರಿನಂತೆ ದಳದಳ ಹರಿದರೆ ಅಥವಾ ತಡೆಯದೆ ಜಿನುಗುತ್ತಲೇ ಇದ್ದರೆ ನೆತ್ತಿನೀರು, ಅಂದರೆ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು, ಒಡೆದಿರಬಹುದು. ಎಷ್ಟನೇ ತಿಂಗಳೇ ಆಗಿರಲಿ, ಆಗಲೇ ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಮೇಲೆ ಒಟ್ಟು ನಾಲ್ಕರಿಂದ ಆರು ವಾರ, ಮೊದಲು ಕೆಂಪಾಗಿ, ಆಮೇಲೆ ಕಂದಾಗಿ, ಕೊನೆಗೆ ಹಳದಿ ಮಿಶ್ರಿತ ಬಿಳಿಯಾಗಿ ಹೋಗುವುದು ಸಹಜ. ಅದು ದುರ್ವಾಸನೆ ಬಂದು, ಜೊತೆಗೆ ಜ್ವರ ಬಂದರೆ ಸಹಜವಲ್ಲ. 'ಬಾಣಂತಿ ಸನ್ನಿ' ಎಂದು ಕಷಾಯ ಕುಡಿಸುತ್ತ ದಿನ ಕಳೆಯಬಾರದು.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಒಣಗುತ್ತದೆ, ಉರಿಯುತ್ತದೆ. ಒಂದು ವರ್ಷ ಮುಟ್ಟೇ ಇಲ್ಲದೆ, ಆಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು 'ಮತ್ತೆ ಮುಟ್ಟಾದೆ' ಎಂದುಕೊಳ್ಳಬೇಡಿ. ತೋರಿಸಲೇಬೇಕು.

ಹೆಜ್ಜೆ 3: ಬದಲಾವಣೆ ಕಂಡಾಗ ಬಣ್ಣವನ್ನಷ್ಟೇ ನೋಡಬೇಡಿ

ಬಣ್ಣದಿಂದ ಮೋಸ ಹೋಗುವುದು ಸುಲಭ. ಬಿಳಿ ಬಣ್ಣದ್ದೇ ಮಾಮೂಲಿ ಇರಬಹುದು, ಬಿಳಿ ಬಣ್ಣದ್ದೇ ಸೋಂಕೂ ಇರಬಹುದು. ಬಣ್ಣದ ಜೊತೆ ವಾಸನೆ, ತುರಿಕೆ ಅಥವಾ ಉರಿ, ನೋವು, ಇವು ಮೂರನ್ನೂ ಕೇಳಿಕೊಳ್ಳಿ. ಸ್ವಲ್ಪ ಹುಳಿ ವಾಸನೆ ಯಾವಾಗಲೂ ಇರುವುದೇ. ಕೊಳೆತ ಮೀನಿನ ವಾಸನೆ ಹಾಗಲ್ಲ.

ಹೆಚ್ಚಾಗಿ ಕಾಣುವ ಸೋಂಕು ಮೂರು.

ಮೊದಲನೆಯದು ಕ್ಯಾಂಡಿಡಾ ಎಂಬ ಫಂಗಸ್. ಒಡೆದ ಮೊಸರಿನಂತೆ ಗಟ್ಟಿ ಗಟ್ಟಿ ಬಿಳಿ, ತಡೆಯಲಾರದ ತುರಿಕೆ, ಮೂತ್ರ ಮಾಡುವಾಗ ಹೊರಚರ್ಮಕ್ಕೆ ತಾಗಿ ಉರಿ. ವಾಸನೆ ಇರುವುದಿಲ್ಲ. ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ ಎಂಬ ಅಂದಾಜಿದೆ. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ, ಬಸುರಿಯಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ ಜಾಸ್ತಿ. ಇದು ಲೈಂಗಿಕ ರೋಗ ಅಲ್ಲ, ಯಾರ ನಡತೆಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯದು ಬ್ಯಾಕ್ಟೀರಿಯಲ್ ವಜೈನೋಸಿಸ್. ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಮೇಲುಗೈ ಪಡೆದಾಗ ಆಗುವಂಥದ್ದು. ತೆಳ್ಳಗೆ, ಬೂದು ಬೆರೆತ ಬಿಳಿ, ಮೀನಿನ ವಾಸನೆ. ಗಂಡನ ಜೊತೆ ಕೂಡಿದ ಮೇಲೆ, ಮುಟ್ಟಿನ ಸಮಯದಲ್ಲಿ ವಾಸನೆ ಹೆಚ್ಚು. ವೀರ್ಯ ಮತ್ತು ರಕ್ತ ಎರಡೂ ಆ ಹುಳಿಯನ್ನು ಕಡಿಮೆ ಮಾಡುವುದೇ ಇದಕ್ಕೆ ಕಾರಣ. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ವಾಸನೆ ಎಂದು ಒಳಗೆಲ್ಲ ಸೋಪು ಹಾಕಿ ತೊಳೆದರೆ ಉಳಿದ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗಿ ವಾಸನೆ ಇನ್ನೂ ಜಾಸ್ತಿಯಾಗುತ್ತದೆ. ಮತ್ತೆ ತೊಳೆಯುತ್ತಾರೆ, ಮತ್ತೆ ಜಾಸ್ತಿಯಾಗುತ್ತದೆ.

ಮೂರನೆಯದು ಟ್ರೈಕೊಮೊನಾಸ್ ಎಂಬ ಪರೋಪಜೀವಿ. ಹಳದಿ-ಹಸಿರು, ಕೆಲವೊಮ್ಮೆ ನೊರೆನೊರೆ, ವಾಸನೆ, ತುರಿಕೆ, ಉರಿ. ಇದು ಮಾತ್ರ ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು. ಗಂಡಸರಿಗೆ ಸಾಮಾನ್ಯವಾಗಿ ಏನೂ ಲಕ್ಷಣ ಇರುವುದಿಲ್ಲ. 'ನನಗೇನೂ ಇಲ್ಲವಲ್ಲ, ನಾನ್ಯಾಕೆ ಮಾತ್ರೆ ನುಂಗಲಿ' ಎನ್ನುವ ಗಂಡನಿಂದಲೇ ಹೆಂಡತಿಗೆ ಮತ್ತೆ ಅಂಟುತ್ತದೆ.

ಕ್ಲಮೈಡಿಯಾ, ಗೊನೊರಿಯಾ ಇನ್ನೂ ಕಳ್ಳ ಕಾಯಿಲೆಗಳು. ತುಂಬ ಹೆಂಗಸರಲ್ಲಿ ಲಕ್ಷಣವೇ ಇರುವುದಿಲ್ಲ. ಬಿಟ್ಟರೆ ಗರ್ಭನಾಳದವರೆಗೆ ಹತ್ತಿ ಮಕ್ಕಳಾಗದಂತೆ ಮಾಡಬಹುದು. ಮುಟ್ಟಿನಲ್ಲಿ ಒಳಗೆ ಇಟ್ಟು ಮರೆತ ಟ್ಯಾಂಪನ್‌ನಿಂದಲೂ (ರಕ್ತ ಹೀರುವ ಹತ್ತಿಯ ಸುರುಳಿ) ಭಯಂಕರ ವಾಸನೆ ಬರುತ್ತದೆ, ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇಷ್ಟು ಓದಿದ ಮೇಲೆ 'ನನ್ನದು ಫಂಗಸ್ಸೇ' ಎಂದು ಮೆಡಿಕಲ್ ಶಾಪ್‌ಗೆ ಓಡಬೇಡಿ. ಒಂದೇ ಸಲಕ್ಕೆ ಎರಡು ಸೋಂಕು ಇರುವುದೂ ಉಂಟು. ಅದಕ್ಕಿಂತ ಅಪಾಯ ಮನೆಯಲ್ಲಿ ಹುಳುಕಡ್ಡಿಗೆ ತಂದಿಟ್ಟ ಟ್ಯೂಬ್. ಅಂಥ ಎಷ್ಟೋ ಮುಲಾಮುಗಳಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ, ಚರ್ಮ ತೆಳ್ಳಗಾಗುತ್ತದೆ. ಟ್ಯೂಬಿನ ಹಿಂದೆ ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್ ಎಂದಿದ್ದರೆ ಅದನ್ನು ಆ ಜಾಗಕ್ಕೆ ನೀವಾಗಿ ಹಚ್ಚಬೇಡಿ.

ಹೆಜ್ಜೆ 4: ಇವು ಕಂಡರೆ ನಾಳೆ ನೋಡೋಣ ಎನ್ನಬೇಡಿ

ಕಿಬ್ಬೊಟ್ಟೆ ನೋವು ಮತ್ತು ಜ್ವರ ಜೊತೆಗಿದ್ದರೆ ಅವತ್ತೇ ಹೋಗಿ. ಬಸುರಿಯಾಗಿದ್ದು ರಕ್ತ ಅಥವಾ ನೀರು ಹೋದರೆ ಅವತ್ತೇ ಹೋಗಿ. ಕೂಡಿದ ಮೇಲೆ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ, ಮಾಂಸ ತೊಳೆದ ನೀರಿನಂಥ ಕೆಟ್ಟ ವಾಸನೆಯ ಸ್ರಾವ, ಇವು ಗರ್ಭಕೋಶದ ಬಾಯಿ ಕ್ಯಾನ್ಸರ್‌ನ ಲಕ್ಷಣವೂ ಆಗಿರಬಹುದು. ಬೇರೆ ಕಾರಣವೂ ಇರಬಹುದು, ಆದರೆ ನೋಡಿಯೇ ತೀರ್ಮಾನ ಮಾಡಬೇಕು.

ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಕ್ಯಾನ್ಸರ್‌ನ ತಪಾಸಣೆ ಇದೆ. ವಿಐಎ ಎನ್ನುತ್ತಾರೆ. ಗರ್ಭಕೋಶದ ಬಾಯಿಗೆ ವಿನೆಗರ್‌ನಂಥ ತಿಳಿ ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಕೆಟ್ಟ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗಾಗುತ್ತದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ಆಸ್ಪತ್ರೆಯಲ್ಲಿ ಯಾವ ದಿನ ಮಾಡುತ್ತಾರೆ ಎಂದು ಹೇಳುತ್ತಾರೆ. ಏನೂ ತೊಂದರೆ ಇಲ್ಲದಿದ್ದರೂ ಮಾಡಿಸಿಕೊಳ್ಳಿ.

ಹೆಜ್ಜೆ 5: ಡಾಕ್ಟರ್ ಹತ್ತಿರ ಹೋಗುವಾಗ

ಹೋಗುವ ಮುಂಚಿನ ಒಂದೆರಡು ದಿನ ಒಳಗೆ ಯಾವ ಕ್ರೀಮು, ಮಾತ್ರೆ ಹಾಕಬೇಡಿ, ಕೂಡಬೇಡಿ. ಮುಟ್ಟು ಮುಗಿದ ಮೇಲೆ ಹೋದರೆ ನೋಡಲು ಸುಲಭ. ಜ್ವರ, ನೋವು ಇದ್ದರೆ ಮುಟ್ಟಾಗಿದ್ದರೂ ಹೋಗಿ. ಆಸ್ಪತ್ರೆಗೆ ಹೋಗುವ ದಿನ ಚೆನ್ನಾಗಿ ತೊಳೆದುಕೊಂಡು ಹೋಗಬೇಕು ಎಂಬುದು ನಮ್ಮ ಮರ್ಯಾದೆ. ಹೊರಗೆ ನೀರು ಹಾಕಿದರೆ ಸಾಕು. ಒಳಗೆ ತೊಳೆದರೆ ಡಾಕ್ಟರ್‌ಗೆ ನೋಡಲು ಏನೂ ಉಳಿಯುವುದಿಲ್ಲ.

'ಬಿಳಿ ಹೋಗುತ್ತೆ ಮೇಡಂ' ಎಂದು ತಲೆತಗ್ಗಿಸಿ ಕೂತರೆ ಅವರಿಗೆ ಏನು ತಿಳಿಯಬೇಕು? ಹೀಗೆ ಹೇಳಿ: 'ಮೇಡಂ, ನಾಲ್ಕು ದಿನದಿಂದ ಒಡೆದ ಮೊಸರಿನ ಥರ ಹೋಗ್ತಿದೆ. ರಾತ್ರಿ ತುರಿಕೆ ತಡೆಯಕ್ಕಾಗಲ್ಲ. ವಾಸನೆ ಇಲ್ಲ. ಹೋದ ವಾರ ಗಂಟಲು ನೋವಿಗೆ ಆಂಟಿಬಯೋಟಿಕ್ ತಗೊಂಡಿದ್ದೆ. ಮುಟ್ಟಾಗಿ 18 ದಿನ ಆಯ್ತು.' ಡಾಕ್ಟರ್ ಕೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇದರಲ್ಲೇ ಬಂತು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ.

'ಮದುವೆ ಆಗಿದೆಯಾ?' ಎಂದು ಕೇಳುತ್ತಾರೆ. ನಮ್ಮ ಕಡೆ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಕೇಳುವುದು ದೈಹಿಕ ಸಂಪರ್ಕ ಆಗಿದೆಯಾ ಎಂದು ತಿಳಿಯಲು. ಮದುವೆಯಾಗದಿದ್ದರೂ ಸಂಪರ್ಕ ಆಗಿದ್ದರೆ ನಿಜ ಹೇಳಿ, ಪರೀಕ್ಷೆಯೂ ಔಷಧಿಯೂ ಅದರ ಮೇಲೆ ಬದಲಾಗುತ್ತವೆ. ಜೊತೆಗೆ ಅತ್ತೆಯೋ ಅಮ್ಮನೋ ಇದ್ದರೆ 'ಸ್ವಲ್ಪ ಒಬ್ಬಳೇ ಮಾತಾಡಬೇಕಿತ್ತು ಮೇಡಂ' ಎಂದರೆ ಸಾಕು. ಸಂಪರ್ಕ ಆಗಿಲ್ಲದವರಿಗೆ ಸಾಮಾನ್ಯವಾಗಿ ಒಳಗೆ ಸಲಕರಣೆ ಹಾಕುವುದಿಲ್ಲ, ಹೊರಗಿನಿಂದಲೇ ಹತ್ತಿ ಕಡ್ಡಿಯಲ್ಲಿ ಸ್ಯಾಂಪಲ್ ತೆಗೆಯುತ್ತಾರೆ. ಉಳಿದವರಿಗೆ ಸ್ಪೆಕ್ಯುಲಮ್ ಎಂಬ ಸಲಕರಣೆಯಿಂದ ಯೋನಿಯನ್ನು ಸ್ವಲ್ಪ ಅಗಲಿಸಿ, ಗರ್ಭಕೋಶದ ಬಾಯಿ ನೋಡುತ್ತಾರೆ. ಒಂದೆರಡು ನಿಮಿಷದ ಕೆಲಸ. ಬಾಯಲ್ಲಿ ನಿಧಾನವಾಗಿ ಉಸಿರು ಬಿಟ್ಟರೆ ಸ್ನಾಯು ಸಡಿಲವಾಗಿ ನೋವು ಕಡಿಮೆಯಾಗುತ್ತದೆ. ಲೇಡಿ ಡಾಕ್ಟರೇ ಬೇಕು ಎಂದು ಕೇಳಬಹುದು. ಗಂಡು ಡಾಕ್ಟರ್ ನೋಡುವಾಗ ನರ್ಸ್ ಒಬ್ಬರು ಜೊತೆಗಿರಲಿ ಎನ್ನಬಹುದು.

ಸರ್ಕಾರಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ. ಇಂಥ ಸೋಂಕುಗಳಿಗೆ ಅಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಔಷಧಿಯನ್ನು ಬಣ್ಣದ ಕಿಟ್‌ನಲ್ಲಿ ಕೊಡುತ್ತಾರೆ. ಯೋನಿ ಸೋಂಕಿನದು ಹಸಿರು ಕಿಟ್, ಕಿಬ್ಬೊಟ್ಟೆ ನೋವಿನದು ಹಳದಿ ಕಿಟ್.

ಪರೀಕ್ಷೆಯಲ್ಲಿ ಸೋಂಕೇ ಸಿಗಲಿಲ್ಲ ಎಂದರೂ ಅದು ಉತ್ತರವೇ. ಬಿಳಿಯಲ್ಲಿ ಮೂಳೆ ಕರಗಿ ಹೋಗುತ್ತದೆ, ಅದಕ್ಕೇ ಸೊಂಟ ನೋವು, ಸುಸ್ತು ಎಂಬ ಮಾತು ಹಳ್ಳಿಯಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಇದೆ. ಮೂಳೆ ಹಾಗೆ ಕರಗುವುದಿಲ್ಲ. ಸುಸ್ತಿಗೆ ರಕ್ತಹೀನತೆ ಕಾರಣ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತ ಕಡಿಮೆ ಇತ್ತು. ಹಿಮೋಗ್ಲೋಬಿನ್ ನೋಡಿಸಿ. ಇನ್ನೊಂದು ಕಾರಣವೂ ಇದೆ. ಗೋವಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿ ಹೋಗುತ್ತದೆ ಎಂದು ದೂರುವುದಕ್ಕೂ ಖಿನ್ನತೆ, ಆತಂಕಗಳಿಗೂ ಬಲವಾದ ನಂಟು ಕಂಡಿತ್ತು. ಮನೆಯ ಕಷ್ಟ ಬಾಯಲ್ಲಿ ಹೇಳಲಾಗದವರು ಮೈಯ ಕಷ್ಟ ಹೇಳುತ್ತಾರೆ. ನಿದ್ದೆ ಬರುತ್ತಿಲ್ಲ, ಅಳು ಬರುತ್ತದೆ ಎಂಬುದನ್ನೂ ಡಾಕ್ಟರ್‌ಗೆ ಹೇಳಿ.

ಹೆಜ್ಜೆ 6: ಔಷಧಿ ಮತ್ತು ಆಮೇಲೆ

ಫಂಗಸ್‌ಗೆ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವಾಗ ಯೋನಿಯೊಳಗೆ ಇಡಲು ಕೊಡುತ್ತಾರೆ, ಅಥವಾ ನುಂಗಲು ಫ್ಲುಕೊನಜೋಲ್ 150 ಮಿಲಿಗ್ರಾಂ. ಬಸುರಿಯರಿಗೆ ನುಂಗುವ ಮಾತ್ರೆ ಬೇಡ, ಒಳಗೆ ಇಡುವುದೇ ಸರಿ. ಈ ಔಷಧಿ ಇಟ್ಟುಕೊಂಡ ದಿನಗಳಲ್ಲಿ ಕಾಂಡೋಮ್ ಹರಿಯುವ ಸಾಧ್ಯತೆ ಹೆಚ್ಚು. ಬ್ಯಾಕ್ಟೀರಿಯಲ್ ವಜೈನೋಸಿಸ್ ಮತ್ತು ಟ್ರೈಕೊಮೊನಾಸ್‌ಗೆ ಮೆಟ್ರೊನಿಡಜೋಲ್, ಹೆಚ್ಚಾಗಿ ಏಳು ದಿನ. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ಊಟದ ಜೊತೆ ತಗೊಳ್ಳಿ. ಮೂರನೇ ದಿನಕ್ಕೆ ವಾಸನೆ ನಿಂತಿತು ಎಂದು ಮಾತ್ರೆ ನಿಲ್ಲಿಸಬೇಡಿ.

ಟ್ರೈಕೊಮೊನಾಸ್ ಆಗಿದ್ದರೆ ಗಂಡನಿಗೂ ಮಾತ್ರೆ, ಇಬ್ಬರದೂ ಮುಗಿಯುವವರೆಗೆ ಸಂಪರ್ಕ ಬೇಡ. ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೆ ಗಂಡನಿಗೆ ಔಷಧಿ ಬೇಕಿಲ್ಲ ಎಂದೇ ಇಷ್ಟು ವರ್ಷ ಹೇಳುತ್ತಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹೆಂಗಸಿಗೆ ಮಾತ್ರ ಔಷಧಿ ಕೊಟ್ಟಾಗ ಮೂರು ತಿಂಗಳೊಳಗೆ 63% ಮಂದಿಗೆ ಅದು ಮರುಕಳಿಸಿತ್ತು. ಸಂಗಾತಿಗೂ ಕೊಟ್ಟಾಗ 35% ಮಾತ್ರ. ನಿಮಗೆ ಪದೇ ಪದೇ ಬರುತ್ತಿದ್ದರೆ ಈ ವಿಷಯ ಡಾಕ್ಟರ್ ಹತ್ತಿರ ಎತ್ತಿ.

ತೊಳೆಯುವ ವಿಷಯಕ್ಕೆ ಬಂದರೆ, ಹೊರಗೆ ಮಾತ್ರ, ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ. ಡೆಟಾಲ್, ಸುವಾಸನೆಯ ವಾಶ್, ಪುದೀನ ಸ್ಪ್ರೇ, ಬೇವಿನ ನೀರಿನ ಪಿಚಕಾರಿ ಯಾವುದೂ ಬೇಡ. ಬಾರ್ಲಿ ನೀರು, ಕೊತ್ತಂಬರಿ ಕಷಾಯ 'ಉಷ್ಣಕ್ಕೆ' ಒಳ್ಳೆಯದು ಎನ್ನುತ್ತಾರೆ. ಕುಡಿಯಿರಿ, ನಷ್ಟವಿಲ್ಲ, ಸೋಂಕು ಮಾತ್ರ ಅದರಿಂದ ಹೋಗುವುದಿಲ್ಲ. ಒಳಉಡುಪು ಹತ್ತಿಯದ್ದಾಗಿರಲಿ. ಸೀರೆಯ ಮರೆಯಲ್ಲಿ, ಕತ್ತಲೆ ಕೋಣೆಯಲ್ಲಿ ಒಣಹಾಕಿದ್ದು ಒಣಗುವುದೇ ಇಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಮೂರು ದಿನವಾದರೂ ಹಸಿ. ಧರಿಸುವ ಮುಂಚೆ ಇಸ್ತ್ರಿಪೆಟ್ಟಿಗೆ ಹೊಡೆಯಿರಿ.

ಔಷಧಿ ಮುಗಿದು ವಾರ ಕಳೆದರೂ ಕಡಿಮೆಯಾಗದಿದ್ದರೆ ಅದೇ ಚೀಟಿ ಹಿಡಿದು ಮತ್ತೆ ಮಾತ್ರೆ ತರಬೇಡಿ, ಮತ್ತೆ ತೋರಿಸಿ. ವರ್ಷಕ್ಕೆ ಮೂರ್ನಾಲ್ಕು ಸಲ ಫಂಗಸ್ ಬಂದರೆ ಸಕ್ಕರೆ ಕಾಯಿಲೆ ಇದೆಯಾ ಎಂದು ರಕ್ತ ಪರೀಕ್ಷೆ ಮಾಡಿಸಬೇಕು, ಸ್ರಾವವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ಯಾವ ಫಂಗಸ್ ಎಂದು ನೋಡುವ ಪರೀಕ್ಷೆಗೆ, ಕಳಿಸಬೇಕು. ಆಗ ವಾರಕ್ಕೊಂದರಂತೆ ಆರು ತಿಂಗಳ ಮಾತ್ರೆ ಕೊಡುವುದುಂಟು. ಎಷ್ಟೋ ಹೆಂಗಸರಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲು ಗೊತ್ತಾಗುವುದು ಹೀಗೆಯೇ.